ಕಂಬ ಉಳಿದರೆ ಸಾಲದು, ಒಲೆಯೂ ಉಳಿಯಬೇಕು

ಮಲೆನಾಡಿನ ಹಳೇ ಮನೆಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶಿವಮೊಗ್ಗ ಪೇಟೆ, ಎಲ್ಲ ಕಡೆಯಿಂದ ಬಂದಿವೆ. ಜಾಸ್ತಿ ಜನ ಕೇಳಿದ್ದು ಗೆದ್ದಲು, ಹೆಂಚು, ದುಡ್ಡು, ಅಣ್ಣತಮ್ಮಂದಿರ ಹಿಸೆ, ಇವುಗಳ ಬಗ್ಗೆ. ಒಂದೇ ತರಹದವನ್ನು ಸೇರಿಸಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಸರು ಹಾಕಬೇಡಿ ಅಂತ ತುಂಬಾ ಜನ ಬರೆದಿದ್ದರಿಂದ ಯಾರ ಹೆಸರೂ ಹಾಕಿಲ್ಲ.

ಹೊಸನಗರ ತಾಲೂಕಿನಿಂದ: ನಮ್ಮದು ಅಜ್ಜನ ಅಪ್ಪ ಕಟ್ಟಿಸಿದ ತೊಟ್ಟಿ ಮನೆ. ಅಣ್ಣತಮ್ಮಂದಿರೆಲ್ಲ ಬೆಂಗಳೂರಿನಲ್ಲಿದ್ದೇವೆ. ಮನೆ ಉಳಿಸಿಕೊಳ್ಳಬೇಕು ಅಂತ ಎಲ್ಲರಿಗೂ ಆಸೆ. ಎಂಜಿನಿಯರ್ ಒಬ್ಬರು ಬಂದು ನೋಡಿ, ಮುಂದಿನ ಜಗಲಿ, ತೊಟ್ಟಿ, ಕಂಬ ಇಟ್ಟುಕೊಳ್ಳಿ, ಹಿಂದಿನ ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಕೆಡವಿ ಹೊಸದು ಕಟ್ಟೋಣ ಅಂದರು. ಸರೀನಾ?

ಕೆಡವಬೇಡಿ. ಇದೊಂದು ವಿಷಯದಲ್ಲಿ ನನ್ನದು ಎರಡು ಮಾತಿಲ್ಲ.

ಜಗಲಿ ಚೆಂದ, ನಿಜ. ಕೆತ್ತನೆ ಕಂಬ, ಬೋದಿಗೆ, ಕೂತು ಕೂತು ನುಣುಪಾದ ಹಲಗೆ, ಎಲ್ಲ ಫೋಟೋದಲ್ಲಿ ಚೆನ್ನಾಗಿ ಬರುತ್ತವೆ. ಆದರೆ ಜಗಲಿ ಹೊರಗಿನವರಿಗೆ ಅಂತ ಇದ್ದ ಜಾಗ. ನೆಂಟರು, ಶಾನುಭೋಗರು, ಅಡಿಕೆ ವ್ಯಾಪಾರಿ ಬಂದು ಕೂತು, ಕವಳ ಹಾಕಿ, ಎದ್ದು ಹೋಗುತ್ತಿದ್ದರು. ಮನೆಯವರ ಬದುಕು ನಡೆದಿದ್ದು ಹಿಂದುಗಡೆ. ಬೆಳಗಿನ ಜಾವ ಬಚ್ಚಲ ಒಲೆಗೆ ಬೆಂಕಿ ಹಾಕುವುದರಿಂದ ಹಿಡಿದು, ಕರೆದ ಹಾಲು ಒಳಗೆ ತರುವುದು, ಭತ್ತ ಕುಟ್ಟುವುದು, ಹಪ್ಪಳ ಒತ್ತುವುದು, ಬಾಣಂತಿಗೆ ನೀರು ಹಾಕುವುದು, ರಾತ್ರಿ ಊಟವಾದ ಮೇಲೆ ಒಲೆ ಸಾರಿಸಿ ಮಲಗುವ ತನಕ ಎಲ್ಲವೂ ನೀವು ಈಗ ಕೆಡವಬೇಕು ಅಂತಿರುವ ಭಾಗದಲ್ಲೇ ಆಗಿದ್ದು. ಅದನ್ನು ತೆಗೆದು ಕಂಬ ಮಾತ್ರ ಇಟ್ಟುಕೊಂಡರೆ ಮನೆಯ ಮುಖ ಉಳಿಯುತ್ತೆ, ಮನೆಯಲ್ಲಿ ಜನ ಹೇಗಿದ್ದರು ಅನ್ನೋದು ಹೋಗುತ್ತೆ.

ಕೆಡವುವ ಮುಂಚೆ ಒಂದು ಮಧ್ಯಾಹ್ನ ಆ ಅಡುಗೆಮನೆಯಲ್ಲಿ ಸುಮ್ನೆ ಕೂತು ನೋಡಿ. ಒಲೆ ಎಲ್ಲಿದೆ? ನೆಲದಲ್ಲಿದ್ದರೆ ನಿಮ್ಮ ಮುತ್ತಜ್ಜಿ ಜೀವಮಾನವೆಲ್ಲ ಕೂತೇ ಅಡುಗೆ ಮಾಡಿದರು ಅಂತ ಅರ್ಥ. ಆಮೇಲೆ ಯಾರೋ ಕಟ್ಟೆ ಕಟ್ಟಿ ಒಲೆಯನ್ನು ಮೇಲಕ್ಕೆ ತಂದಿದ್ದರೆ ಅದು ಯಾವ ಸೊಸೆಯ ಕಾಲದಲ್ಲಿ ಆಯಿತು ಅಂತ ಕೇಳಿ, ಅದರ ಹಿಂದೆ ಒಂದು ಕಥೆ ಇದ್ದೇ ಇರುತ್ತೆ. ದೊಡ್ಡ ಒಲೆಯ ಪಕ್ಕ ಕೊಡಿ ಒಲೆ ಇರುತ್ತೆ. ಅದಕ್ಕೆ ಬೇರೆ ಸೌದೆ ಹಾಕುತ್ತಿರಲಿಲ್ಲ, ದೊಡ್ಡ ಒಲೆಯ ಉರಿ ಹಾದು ಹೋಗುವಾಗ ಅಲ್ಲಿಟ್ಟ ಹಾಲೋ ಸಾರೋ ತನ್ನಷ್ಟಕ್ಕೆ ಕಾಯುತ್ತಿತ್ತು. ತಲೆ ಎತ್ತಿ ನೋಡಿದರೆ ಹೊಗೆ ಹಿಡಿದು ಕಪ್ಪಾದ ಅಟ್ಟ. ಅಡುಗೆಯ ಹುಳಿಗೆ ಹಾಕುವ ಉಪ್ಪಾಗೆ ಹಣ್ಣಿನ ಸಿಪ್ಪೆ ಒಣಗಿದ್ದು ಅಲ್ಲಿ, ಮುಂದಿನ ವರ್ಷಕ್ಕೆ ಇಟ್ಟ ಸೌತೆ ಬೀಜ, ಬೆಂಡೆ ಬೀಜ ಹುಳ ಹಿಡಿಯದೆ ಉಳಿದಿದ್ದು ಆ ಹೊಗೆಯಲ್ಲಿ. ಇನ್ನು ಮಜ್ಜಿಗೆ ಕಡೆಯುವ ಕಂಬ ಇದ್ದರೆ ಅದನ್ನು ಕೈಯಿಂದ ಸವರಿ ನೋಡಿ. ಕಡಗೋಲಿನ ಹಗ್ಗ ಉಜ್ಜಿ ಉಜ್ಜಿ ಕಂಬಕ್ಕೆ ಗೀರು ಬಿದ್ದಿರುತ್ತೆ, ಬೆರಳು ಒಳಗೆ ಹೋಗುವಷ್ಟು ಆಳದ ಗೀರು. ಯಾವ ಬಡಗಿಯೂ ಕೊರೆದಿದ್ದಲ್ಲ ಅದು. ಆ ಮನೆಯ ಹೆಂಗಸರು ತಲೆಮಾರುಗಟ್ಟಲೆ ದಿನಾ ಬೆಳಿಗ್ಗೆ ಮಾಡಿದ ಕೆಲಸದ ಗುರುತು. ನನ್ನನ್ನು ಕೇಳಿದರೆ ಜಗಲಿ ಕಂಬದ ಕೆತ್ತನೆಗಿಂತ ಈ ಗೀರಿಗೆ ಬೆಲೆ ಜಾಸ್ತಿ.

ಹೊಸ ವಸ್ತುಗಳನ್ನೂ ಕಿತ್ತು ಹಾಕಬೇಡಿ. ನಮ್ಮ ಕಡೆ ಎಷ್ಟೋ ಅಡುಗೆಮನೆಗಳಲ್ಲಿ ಮಣ್ಣಿನ ಒಲೆಯ ಪಕ್ಕ ಅಸ್ತ್ರ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಸೌದೆ ಕಡಿಮೆ ಸುಡಲಿ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗಲಿ ಅಂತ ರೂಪಿಸಿದ ಒಲೆ ಅದು. ಅದರ ಪಕ್ಕ ಗೋಬರ್ ಗ್ಯಾಸಿನ ಬರ್ನರ್, ಅದರ ಪಕ್ಕ ಸಿಲಿಂಡರ್. ನಾಲ್ಕೂ ಒಂದೇ ಗೋಡೆಗೆ ಸಾಲಾಗಿ ಇದ್ದರೆ ನೂರು ವರ್ಷದ ಅಡುಗೆ ಚರಿತ್ರೆ ಒಂದೇ ಕಡೆ ಸಿಕ್ಕ ಹಾಗೆ. ಹಳೆಯದು ಮಾತ್ರ ಚೆಂದ ಅಂತ ಮಣ್ಣಿನ ಒಲೆ ಇಟ್ಟು ಉಳಿದದ್ದನ್ನು ಕೀಳಿಸಿದರೆ ನಿಮ್ಮ ಅಮ್ಮನ ಕಾಲವೇ ಅಳಿಸಿ ಹೋಗುತ್ತೆ.

ಕವಲೇದುರ್ಗಕ್ಕೆ ಹೋಗಿದ್ದೀರಾ? ಕೆಳದಿ ಅರಸರ ಕೋಟೆ. ಮೇಲೆ ಅರಮನೆ ಇದ್ದ ಜಾಗದಲ್ಲಿ ಮಾಡು ಇಲ್ಲ, ಮರದ ಕೆಲಸ ಒಂದೂ ಉಳಿದಿಲ್ಲ, ತಳಪಾಯ ಮತ್ತು ಕಲ್ಲು ಚಪ್ಪಡಿ ಮಾತ್ರ ಇವೆ. ಆದರೂ ಅಡುಗೆಮನೆ ಜಾಗದಲ್ಲಿ ಐದು ಕಡೆ ಪಾತ್ರೆ ಇಡುವ ಕಲ್ಲಿನ ಒಲೆ ಇದೆ. ಸ್ನಾನದ ಜಾಗ ಇದೆ, ನೀರು ಹರಿಯಲು ಮಾಡಿದ ವ್ಯವಸ್ಥೆ ಇದೆ. ಅಲ್ಲಿಗೆ ಹೋದವರು ನಿಂತು ಮಾತಾಡುವುದು ಆ ಒಲೆಯ ಮುಂದೆ. ಎಷ್ಟು ಜನಕ್ಕೆ ಅಡುಗೆ ಆಗ್ತಿತ್ತೋ, ನೀರು ಎಲ್ಲಿಂದ ತರ್ತಿದ್ರೋ ಅಂತ. ರಾಜನ ಮನೆಯೇ ಆದರೂ ಜನಕ್ಕೆ ಹತ್ತಿರ ಅನಿಸುವುದು ಅದೇ, ಅಲ್ವಾ?

ಹಾಗಂತ ಕಷ್ಟಪಟ್ಟುಕೊಂಡು ಇರಿ ಅಂತ ಹೇಳುತ್ತಿಲ್ಲ. ಒಳ್ಳೇ ಟಾಯ್ಲೆಟ್, ಸ್ನಾನದ ಮನೆ, ಇವತ್ತಿನ ಅಡುಗೆಮನೆ ಬೇಕೇ ಬೇಕು, ಇಲ್ಲದಿದ್ದರೆ ಬೆಂಗಳೂರಿನಿಂದ ಮಕ್ಕಳು ಬರುವುದೇ ಇಲ್ಲ. ಅದನ್ನು ಹಳೇ ಗೋಡೆಗೆ ತಾಗಿಸದೆ ಪಕ್ಕದಲ್ಲಿ ಬೇರೆಯಾಗಿ ಕಟ್ಟಿ, ನಡುವೆ ಮಳೆಗೆ ನೆನೆಯದೆ ಓಡಾಡಲು ಒಂದು ಮಾಡು ಇಳಿಸಿಕೊಳ್ಳಿ. ಕೊಟ್ಟಿಗೆ ಖಾಲಿ ಇದ್ದರೆ ಗೋಡೆ, ಗೂಟ, ಬಾನಿ ಹಾಗೇ ಇಟ್ಟು ಒಳಗೆ ಬೇಕಾದ ಹಾಗೆ ಬಳಸಿ. ಎಂಜಿನಿಯರಿಗೆ ಹೀಗೆ ಹೇಳಿ: ಕೆಡವುವ ಪಟ್ಟಿ ಬೇಡ, ಸೇರಿಸುವ ಪಟ್ಟಿ ಕೊಡಿ.

ಸಾಗರದ ಹತ್ತಿರದಿಂದ: ದೀಪಾವಳಿಗೆ ಒಂದು ಸಲ, ಬೇಸಿಗೆ ರಜಕ್ಕೆ ಒಂದು ಸಲ ಮನೆ ಬಾಗಿಲು ತೆಗೆಯುತ್ತೇವೆ. ಹೋದಾಗೆಲ್ಲ ಜಂತಿಯಿಂದ ಪುಡಿ ಉದುರಿರುತ್ತೆ. ಗೋಡೆ ಬುಡ ಒದ್ದೆ. ಭದ್ರವಾಗಲಿ ಅಂತ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದೆವು. ಈಗ ಇನ್ನೂ ಜಾಸ್ತಿ ಆಗಿದೆ. ಏನು ಮಾಡೋದು?

ಎರಡು ಕಾರಣ ಇದೆ. ಮನೆಯಲ್ಲಿ ಬೆಂಕಿ ಇಲ್ಲ, ಗೋಡೆಗೆ ಉಸಿರಿಲ್ಲ.

ಮೊದಲು ಬೆಂಕಿ. ಹಿಂದೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಗಳಲ್ಲಿ ಒಲೆ ಆರುತ್ತಿರಲಿಲ್ಲ. ಅಡುಗೆ ಒಲೆ, ಬಚ್ಚಲ ಒಲೆ, ಬಟ್ಟೆ ಒಣಗಿಸಲು ಬೆಂಕಿ, ಚಳಿ ಕಾಯಿಸಲು ಬೆಂಕಿ. ಹೊಗೆ ಹೆಂಚಿನ ಸಂದಿಯಲ್ಲಿ ನಿಧಾನಕ್ಕೆ ಹೊರಗೆ ಹೋಗುತ್ತಿತ್ತು. ಹೋಗುವ ದಾರಿಯಲ್ಲಿ ಮಾಡಿನ ಮರಗಳಾದ ಪಕಾಸಿ, ರೀಪು, ತೊಲೆ ಎಲ್ಲದಕ್ಕೂ ಮಸಿ ಹಿಡಿಸಿ, ಒಣಗಿಸಿ, ಹುಳವನ್ನು ದೂರ ಇಡುತ್ತಿತ್ತು. ನೂರು ವರ್ಷ ಬಂದ ಮರ ಬಾಗಿಲು ಹಾಕಿದ ಹತ್ತು ವರ್ಷದಲ್ಲಿ ಪುಡಿಯಾಗುವುದು ಯಾಕೆ ಅಂದರೆ ಇದೇ. ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸಕ್ಕೆ ಎಂಜಿನಿಯರ್ ಬೇಡ. ಊರಲ್ಲಿ ನಂಬುವ ಒಬ್ಬರಿಗೆ ಬೀಗದ ಕೈ ಕೊಡಿ, ತಿಂಗಳಿಗೆ ಇಷ್ಟು ಅಂತ ಕೊಡಿ, ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ದಿನವಾದರೂ ಬಂದು ಕಿಟಕಿ ಬಾಗಿಲು ತೆಗೆದು, ಒಲೆ ಹಚ್ಚಿ, ಪೂರ್ತಿ ಆರುವ ತನಕ ಹತ್ತಿರವೇ ಇದ್ದು ಹೋಗಲಿ. ಯಾರಾದರೂ ಅಲ್ಲೇ ವಾಸ ಇದ್ದರೆ ಇನ್ನೂ ಒಳ್ಳೆಯದು. ಬಾಡಿಗೆ ಬರದಿದ್ದರೂ ಪರವಾಗಿಲ್ಲ, ಜನ ಇರುವುದೇ ಲಾಭ. ಹತ್ತಿರದವರು, ಒಳ್ಳೆಯವರು ಸಿಕ್ಕರೆ ಒಂದು ಕರಾರು ಪತ್ರ ಬರೆದುಕೊಂಡು ಇರಲು ಬಿಡಿ.

ಇನ್ನು ಗೋಡೆ. ಜಂಬಿಟ್ಟಿಗೆ ಮತ್ತು ಮಣ್ಣಿನ ಗೋಡೆ ನೆಲದಿಂದ ನೀರು ಹೀರುತ್ತೆ, ಹೊರಗಿನ ಗಾಳಿಗೆ ಬಿಡುತ್ತೆ. ಸುಣ್ಣದ ಗಾರೆ ಇದ್ದಾಗ ಆ ನೀರು ಹಾಗೇ ಹೊರಗೆ ಹೋಗುತ್ತಿತ್ತು. ಸಿಮೆಂಟ್ ಬಳಿದ ಮೇಲೆ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆಯೊಳಗೇ ಮೇಲೇರುತ್ತೆ, ಆಮೇಲೆ ಗೋಡೆಯಲ್ಲಿ ಹೂತ ಚೌಕಟ್ಟು, ತೊಲೆ ತುದಿ ಕೊಳೆಯಲು ಶುರುವಾಗುತ್ತೆ. ಸಿಮೆಂಟ್ ತೆಗೆಸಿ. ಒಂದೇ ಸಲ ಬೇಡ, ಸುತ್ತಿಗೆಯಲ್ಲಿ ಜೋರಾಗಿ ಹೊಡೆದರೆ ಕಲ್ಲಿನ ಮೇಲ್ಮೈಯೂ ಎದ್ದು ಬರುತ್ತೆ. ಬೇಸಿಗೆಯಲ್ಲಿ ಬುಡದಿಂದ ಸೊಂಟದ ಎತ್ತರದ ತನಕ ತೆಗೆದು ಒಣಗಲು ಬಿಟ್ಟು, ಆಮೇಲೆ ಸುಣ್ಣ ಮರಳಿನ ಗಾರೆ ಹಾಕಿಸಿ, ಮೇಲೆ ಸುಣ್ಣ ಬಳಿಸಿ. ಪ್ಲಾಸ್ಟಿಕ್ ಬಣ್ಣ ಬೇಡ. ಸುಣ್ಣದ ಕೆಲಸ ಗೊತ್ತಿರುವ ಗಾರೆಯವರು ಈಗ ಕಡಿಮೆ. ದೇವಸ್ಥಾನ ಜೀರ್ಣೋದ್ಧಾರದ ಕೆಲಸ ಮಾಡಿದವರನ್ನು ವಿಚಾರಿಸಿ.

ಮಳೆಗಾಲಕ್ಕೆ ಮುಂಚೆ ಹಿಂದಿನವರು ಅಡಿಕೆ ಸೋಗೆಯ ಜಡಿ, ಅಂದರೆ ಗರಿಯ ತಡಿಕೆ ಕಟ್ಟುತ್ತಿದ್ದರು, ಇರಚಲು ಗೋಡೆಗೆ ಬಡಿಯದಿರಲಿ ಅಂತ. ಅಸಹ್ಯ ಕಾಣುತ್ತೆ ಅಂತ ಬಿಟ್ಟಿದ್ದೀರಾದರೆ ಮತ್ತೆ ಶುರು ಮಾಡಿ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಿ ಒಡೆದದ್ದನ್ನು ಬದಲಿಸುವುದು, ಗೋಡೆ ಸುತ್ತ ಚರಂಡಿ ಬಿಡಿಸುವುದು, ಮಾಡಿನ ಮೇಲೆ ಬಾಗಿದ ಹಲಸಿನ ಕೊಂಬೆ ಕಡಿಯುವುದು, ಇವು ಅಗ್ಗದ ಕೆಲಸ. ಬಿಟ್ಟರೆ ಲಕ್ಷಗಟ್ಟಲೆ ಖರ್ಚು. ಮರಕ್ಕೆ ಗೇರೆಣ್ಣೆ ಹಚ್ಚಬಹುದು, ಗೆದ್ದಲಿಗೆ ಒಳ್ಳೆಯದು, ಆದರೆ ಅದು ಚರ್ಮ ಸುಡುತ್ತೆ. ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಶಿವಮೊಗ್ಗದಿಂದ: ಊರಿನ ಮನೆ ಬೀಳುವ ಸ್ಥಿತಿಯಲ್ಲಿದೆ. ಹಳೇ ಸಾಮಾನು ಕೊಳ್ಳುವವರು ಬಂದು ಪ್ರಧಾನ ಬಾಗಿಲು, ನಾಲ್ಕು ಕಂಬ, ಒಂದು ಪೆಟ್ಟಿಗೆಗೆ ಒಳ್ಳೆ ರೇಟು ಹೇಳಿದ್ದಾರೆ. ಬಿದ್ದು ಹಾಳಾಗುವುದಕ್ಕಿಂತ ಎಲ್ಲಾದರೂ ಚೆನ್ನಾಗಿರಲಿ ಅಂತ ಕೊಟ್ಟುಬಿಡೋಣವೇ?

ದುಡ್ಡಿನ ಅಗತ್ಯ ನಿಮಗೆ ಎಷ್ಟಿದೆ ಅಂತ ನನಗೆ ಗೊತ್ತಿಲ್ಲ, ಅದರ ಬಗ್ಗೆ ಮಾತಾಡುವ ಹಕ್ಕೂ ನನಗಿಲ್ಲ. ಆದರೆ ಬಾಗಿಲು ಹೋದ ಮೇಲೆ ಮನೆ ನಿಲ್ಲುವುದಿಲ್ಲ. ಇದು ಭಾವನೆಯ ಮಾತಲ್ಲ. ಕಂಬ ತೆಗೆದರೆ ತೊಲೆ ಕೂರುತ್ತೆ, ಒಂದು ಮಳೆಗಾಲದಲ್ಲಿ ಮಾಡು ಇಳಿಯುತ್ತೆ. ಆ ಬಾಗಿಲು ಯಾವುದೋ ರೆಸಾರ್ಟಿನ ಸ್ವಾಗತ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿರುತ್ತೆ. ಚೆನ್ನಾಗಿಯೇ ಇರುತ್ತೆ. ಆದರೆ ಯಾವ ಊರಿನದು, ಯಾರ ಮನೆಯದು, ಅದರ ಹೊಸ್ತಿಲಿಗೆ ಯಾರು ರಂಗೋಲಿ ಹಾಕುತ್ತಿದ್ದರು ಅಂತ ಹೇಳುವವರು ಇರುವುದಿಲ್ಲ.

ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆಯ, ಕೈಕೆಲಸದ ವಸ್ತು, ಕಟ್ಟಡದಿಂದ ಬಿಡಿಸಿ ತೆಗೆದ ಭಾಗ, ಇವೆಲ್ಲ ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಅವುಗಳ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗೇ ಇಲ್ಲ. ಬಂದವರಿಗೆ ಲೈಸೆನ್ಸ್ ತೋರಿಸಿ ಅಂತ ಮೊದಲು ಕೇಳಿ.

ಮನೆ ಉಳಿಸಲು ಸಾಧ್ಯವೇ ಇಲ್ಲ ಅಂತಾದರೆ ಬಿಡಿ ಬಿಡಿಯಾಗಿ ಕೊಡಬೇಡಿ, ಇಡೀ ಮನೆಯಾಗಿ ಎತ್ತಿ ಬೇರೆ ಕಡೆ ನಿಲ್ಲಿಸುವ ದಾರಿ ಇದೆಯಾ ನೋಡಿ. ನಮ್ಮ ಜನಕ್ಕೆ ಇದು ಹೊಸದಲ್ಲ. ಶರಾವತಿ ನದಿಗೆ ಹಿರೇಭಾಸ್ಕರ ಅಣೆಕಟ್ಟು ಬಂದಾಗ, ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯ ಎಷ್ಟೋ ಕುಟುಂಬಗಳು ಮನೆ ಬಿಚ್ಚಿ, ಕಂಬ, ಬಾಗಿಲು, ಹೆಂಚು ಗಾಡಿಗೆ ಹೇರಿಕೊಂಡು ಬಂದು ಹೊಸ ಊರಲ್ಲಿ ಮತ್ತೆ ನಿಲ್ಲಿಸಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮಾಡಿದ್ದೂ ಅದನ್ನೇ. ಬ್ಯಾಂಕ್ ಉದ್ಯೋಗದಲ್ಲಿದ್ದವರು ಅವರು. ಕೆಡವಲು ಹೊರಟ ಮನೆಗಳನ್ನು ಬಿಚ್ಚಿಸಿ ತಂದು ಹಾಗೇ ಜೋಡಿಸಿ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ ಅಲ್ಲಿದೆ, ಮಿಯಾರಿನ ಮನೆ ಇದೆ. ಒಂದು ಸಲ ಹೋಗಿ ನೋಡಿ ಬನ್ನಿ, ಆಮೇಲೆ ತೀರ್ಮಾನ ಮಾಡಿ.

ತೀರ್ಥಹಳ್ಳಿಯಿಂದ, ಕಾಲೇಜು ವಿದ್ಯಾರ್ಥಿನಿ: ಹಳೇ ಮನೆ ಉಳಿಸಬೇಕು ಅಂತ ಅಪ್ಪ ಹೇಳ್ತಾರೆ. ಅಜ್ಜಿ ಮಾತ್ರ "ಆ ಮನೇಲಿ ಏನಿದೆ ಉಳಿಸೋಕೆ, ನಾನು ಪಟ್ಟ ಪಾಡು ಸಾಕು" ಅಂತಾರೆ. ತಿಂಗಳಲ್ಲಿ ಮೂರು ದಿನ ಕೂರಿಸುತ್ತಿದ್ದ ಕತ್ತಲೆ ಮೂಲೆ ಈಗಲೂ ಇದೆ. ಕೆಲಸದವರು ಅಂಗಳ ದಾಟಿ ಒಳಗೆ ಬರುವ ಹಾಗಿರಲಿಲ್ಲ. ಇಂಥ ಮನೆಗಳನ್ನು ಯಾಕೆ ಉಳಿಸಬೇಕು?

ಬಂದ ಪತ್ರಗಳಲ್ಲಿ ನನ್ನನ್ನು ತುಂಬಾ ಹೊತ್ತು ಯೋಚನೆಗೆ ಹಚ್ಚಿದ್ದು ನಿಮ್ಮದು.

ನಿಮ್ಮ ಅಜ್ಜಿ ಹೇಳುವುದು ಸರಿ. ಆ ಮನೆಯ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ. ಆ ಕತ್ತಲೆ ಮೂಲೆಯನ್ನು ಮೊದಲು ಉಳಿಸಬೇಕು ಅಂತ ನಾನು ಹೇಳುವುದು ಅದಕ್ಕೇ. ಅದನ್ನು ಒಡೆದು ಅಲ್ಲಿ ಬೀರು ಇಟ್ಟರೆ ಇನ್ನು ಮೂವತ್ತು ವರ್ಷಕ್ಕೆ ಮನೆ ನೋಡಲು ಬಂದವರು, ಅಬ್ಬಾ ಎಷ್ಟು ಚೆಂದದ ಕಾಲ ಅಂತ ಹೇಳಿ ಹೋಗುತ್ತಾರೆ. ಹಳೇ ಮನೆಯಲ್ಲಿ ಎಲ್ಲರೂ ಒಂದೇ ತರಹ ಬದುಕಲಿಲ್ಲ. ಯಾರು ಜಗಲಿ ಮೇಲೆ ಕೂರಬಹುದು, ಯಾರು ಮೆಟ್ಟಿಲ ಹತ್ತಿರ ನಿಲ್ಲಬೇಕು, ಯಾರಿಗೆ ಅಂಗಳದ ಅಂಚಿನಲ್ಲಿ ಎಲೆ ಹಾಕುತ್ತಿದ್ದರು, ಇದೆಲ್ಲ ಮನೆಯ ಕಟ್ಟಡದಲ್ಲೇ ಬರೆದಿದೆ. ಜಗಲಿ ಒಂದೊಂದು ಮೆಟ್ಟಿಲು ಮೇಲೆ ಹೋಗುವುದು ಸುಮ್ನೆ ಅಂದಕ್ಕಲ್ಲ.

ಒಂದು ವಸ್ತುವಿನ ಉದಾಹರಣೆ ಹೇಳುತ್ತೇನೆ. ನಿಮ್ಮ ಅಟ್ಟದಲ್ಲಿ ಭತ್ತ ಅಳೆಯುವ ಕೊಳಗ ಇರಬಹುದು. ಈಗ ಅದನ್ನು ಪಾಲಿಶ್ ಮಾಡಿ ಹೂದಾನಿ ಮಾಡುವವರಿದ್ದಾರೆ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತವನ್ನು ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ ಅನ್ನುವುದು ಅವರ ಮುಖ್ಯ ದೂರುಗಳಲ್ಲಿ ಒಂದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಆ ಹೋರಾಟದಲ್ಲಿ ಸೇರಿದರು. 1974ರ ಭೂಸುಧಾರಣೆ ಆದ ಮೇಲೆ ಎಷ್ಟೋ ದೊಡ್ಡ ಮನೆಗಳ ಗೇಣಿ ಜಮೀನು ಉಳುವವರಿಗೆ ಹೋಯಿತು, ಕಣಜ ಖಾಲಿಯಾಯಿತು. ಇಷ್ಟೆಲ್ಲ ಆ ಒಂದು ಮರದ ಪಾತ್ರೆಯಲ್ಲಿದೆ. ಕೊಳಗ ಇಟ್ಟುಕೊಳ್ಳಿ, ಅದರ ಪಕ್ಕ ಕಾಗೋಡಿನ ವಿಷಯವನ್ನೂ ಬರೆದಿಡಿ.

ಇನ್ನೊಂದು ಮಾತು. ನಾವು ಉಳಿಸುತ್ತಿರುವುದೆಲ್ಲ ಒಡೆಯರ ಮನೆಗಳೇ ಆಗಿವೆ. ಗಟ್ಟಿ ಮರ, ಗಟ್ಟಿ ಕಲ್ಲು, ಅದಕ್ಕೇ ಉಳಿದಿವೆ. ಸೋಗೆ ಹೊದಿಸಿದ ಮಣ್ಣಿನ ಮನೆಗಳು ಹೆಚ್ಚಿನವು ಹೋಗಿಯೇಬಿಟ್ಟವು. ಆದರೆ ಮನೆಯನ್ನು ಕೈಯಾರೆ ಚೆಂದ ಮಾಡಿಕೊಂಡವರು ಅಲ್ಲೇ ಇದ್ದರು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಗೆರೆ ಒಂದಿಷ್ಟೂ ಅಲುಗುವುದಿಲ್ಲ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿಯ ಮೇಲೂ ಅದೇ ಚಿತ್ತಾರ. ಈಗ ಅದು ಫ್ರೇಮಿನೊಳಗೆ ಬಂದು ಪೇಟೆಯಲ್ಲಿ ಮಾರಾಟವಾಗುತ್ತೆ, ಒಳ್ಳೆಯದೇ, ಬರೆದವರಿಗೆ ದುಡ್ಡು ಸಿಗಲಿ. ಆದರೆ ಆ ಚಿತ್ತಾರ ಇದ್ದ ಗೋಡೆ, ಆ ಗೋಡೆ ಇದ್ದ ಮನೆ, ಒಂದಾದರೂ ಊರಿನಲ್ಲೇ ನಿಲ್ಲಬೇಡವೇ? ನಿಮ್ಮ ಸುತ್ತಮುತ್ತ ಅಂಥ ಮನೆ ಇನ್ನೂ ಇದ್ದರೆ, ನಿಮ್ಮ ದೊಡ್ಡ ಮನೆಗಿಂತ ಅದು ಮೊದಲು ಉಳಿಯಬೇಕು ಅಂತ ನನ್ನ ಅಭಿಪ್ರಾಯ.

ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರನ್ನು ಒಪ್ಪಿಸಲು ಹೋಗಬೇಡಿ. ಬೈದರೆ ಬೈದದ್ದೂ ಇರಲಿ.

ಕೊಪ್ಪದಿಂದ: ಮನೆ ದುರಸ್ತಿಗೆ ನಮ್ಮ ಹತ್ತಿರ ದುಡ್ಡಿಲ್ಲ. ಹಿಸೆಯಲ್ಲಿ ಮನೆ ಹೋಗಬಹುದು. ದುಡ್ಡಿಲ್ಲದೆ ಏನಾದರೂ ಮಾಡಲು ಆಗುತ್ತಾ?

ಆಗುತ್ತೆ. ದಾಖಲೆ ಮಾಡಿ. ಮನೆ ನಾಳೆ ಇಲ್ಲದಿದ್ದರೂ ಅದರ ಬಗ್ಗೆ ತಿಳಿಯುವ ಹಾಗೆ ಮಾಡಿ.

ಒಂದು ಟೇಪು, ಒಂದು ಲೆಕ್ಕದ ಪುಸ್ತಕ, ಒಂದು ಫೋನು ಸಾಕು. ಪ್ರತಿ ಕೋಣೆಯ ಉದ್ದ ಅಗಲ ಅಳೆದು ನಕ್ಷೆ ಬರೆಯಿರಿ, ವಕ್ರವಾದರೂ ಪರವಾಗಿಲ್ಲ. ಕೋಣೆಗೆ ನೀವು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯಿರಿ, ಮೆತ್ತು, ಕಡಿಮಾಡು, ನಡುಮನೆ ಅಂತ. ಸ್ಟೋರ್ ರೂಮ್ ಅಂತ ಬದಲಿಸಬೇಡಿ. ಪ್ರತಿ ಕೋಣೆಗೂ ನಾಲ್ಕು ಮೂಲೆಯಿಂದ ಫೋಟೋ, ಆಮೇಲೆ ಮಾಡಿನ ಫೋಟೋ, ನೆಲದ ಫೋಟೋ. ಒಂದು ಹೆಂಚು ಇಳಿಸಿ ಅದರ ಮುದ್ರೆ ನೋಡಿ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಬೇರೆ ಬೇರೆ ಕಾರ್ಖಾನೆಗಳು ತಮ್ಮ ಹೆಸರು ಒತ್ತಿ ಹೆಂಚು ಮಾಡಿದವು. ಮಾಡಿಗೆ ಸೋಗೆಯೋ ಹುಲ್ಲೋ ಹೋಗಿ ಹೆಂಚು ಬಂದದ್ದು ಸುಮಾರು ಯಾವಾಗ ಅಂತ ಆ ಮುದ್ರೆಯಿಂದ ಅಂದಾಜು ಸಿಗುತ್ತೆ. ಅದು ಮನೆಯ ವಯಸ್ಸಲ್ಲ, ನೆನಪಿರಲಿ, ಗೋಡೆ ಹೆಂಚಿಗಿಂತ ತುಂಬಾ ಹಳೆಯದಿರಬಹುದು.

ಆಮೇಲೆ ಹಿರಿಯರನ್ನು ಕೂರಿಸಿ ಕೇಳಿ. "ಆಗ ಹೇಗಿತ್ತು" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತ ಮುಗಿಸಿಬಿಡುತ್ತಾರೆ. ಹಾಗೆ ಬೇಡ. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಿದ್ದಿರಿ? ಹೆರಿಗೆ ಯಾವ ಕೋಣೆಯಲ್ಲಿ ಆಗುತ್ತಿತ್ತು? ಸೀಮೆಎಣ್ಣೆ ಸಿಗದಾಗ ಏನು ಉರಿಸುತ್ತಿದ್ದಿರಿ? ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಹಿಡಿದು ಯಾರು ಎಲ್ಲಿ ಕೂರುತ್ತಿದ್ದರು, ಎಷ್ಟು ರಾತ್ರಿ ತನಕ? ಊಟಕ್ಕೆ ಕೊನೆಗೆ ಕೂರುತ್ತಿದ್ದವರು ಯಾರು, ಅವರಿಗೆ ಏನು ಉಳಿದಿರುತ್ತಿತ್ತು? ಕರೆಂಟು ಬಂದ ದಿನ ಮೊದಲ ಬಲ್ಬು ಯಾವ ಕೋಣೆಗೆ ಹಾಕಿದರು? ಇಂಥದ್ದು ಕೇಳಿದರೆ ಮಾತು ತಾನಾಗಿ ಬರುತ್ತೆ, ಸಂಜೆ ತನಕ ನಿಲ್ಲುವುದಿಲ್ಲ.

ಪೆಟ್ಟಿಗೆಯಲ್ಲಿ ಓಲೆಗರಿ, ಕಡತ, ಹಳೇ ಲೆಕ್ಕದ ಪುಸ್ತಕ ಸಿಕ್ಕರೆ ಒರೆಸಲು, ಎಣ್ಣೆ ಹಚ್ಚಲು ನೀವೇ ಹೋಗಬೇಡಿ. ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚುವ ಕ್ರಮ ಇದೆ, ಆದರೆ ಗೊತ್ತಿದ್ದವರು ಮಾಡಬೇಕು. ಕುವೆಂಪು ವಿಶ್ವವಿದ್ಯಾಲಯದ ಕೆಳದಿ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳ ಸಂಗ್ರಹವೇ ಇದೆ, ಅಲ್ಲಿ ವಿಚಾರಿಸಿ. ಅಡಿಕೆ ಮಂಡಿಯ ಚೀಟಿ, ಜವಳಿ ಅಂಗಡಿ ಬಿಲ್ಲು, ಮದುವೆ ಖರ್ಚಿನ ಪಟ್ಟಿ, ಇವನ್ನು ಮಾತ್ರ ಕಸ ಅಂತ ಸುಡಬೇಡಿ. ಮನೆಯಲ್ಲಿ ಏನು ಉಂಡರು, ಏನು ಉಟ್ಟರು ಅಂತ ತಿಳಿಯುವುದು ಅದರಲ್ಲೇ. ನಕ್ಷೆ, ಫೋಟೋ, ಮಾತು ಮೂರನ್ನೂ ಹಿಸೆಯ ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಒಬ್ಬರ ಫೋನಿನಲ್ಲೇ ಇದ್ದರೆ ಫೋನಿನ ಜೊತೆಗೇ ಹೋಗುತ್ತೆ.

ಸೊರಬದಿಂದ: ಸರ್ಕಾರ ಹಳೇ ಮನೆ ರಿಪೇರಿಗೆ ದುಡ್ಡು ಕೊಡುತ್ತಾ?

ನಿಮ್ಮ ಸ್ವಂತ ಮನೆಗೆ ಅಂತ ನೆಚ್ಚಿಕೊಂಡು ಕೂರಬೇಡಿ. 1961ರ ರಾಜ್ಯ ಕಾಯ್ದೆಯಲ್ಲಿ ಕಟ್ಟಡವನ್ನು ಸಂರಕ್ಷಿತ ಸ್ಮಾರಕ ಅಂತ ಘೋಷಿಸಬಹುದು, ಆದರೆ ಅದು ಹೆಚ್ಚಾಗಿ ಕೋಟೆ, ದೇವಸ್ಥಾನ, ಅರಮನೆಗಳಿಗೆ ಆಗುವುದು. ಘೋಷಿಸಿದರೆ ನಿಮ್ಮಿಷ್ಟದ ಹಾಗೆ ಬದಲಾವಣೆ ಮಾಡಲೂ ಆಗುವುದಿಲ್ಲ. ಸಲಹೆ ಬೇಕಾದರೆ ಪರಂಪರೆಯ ಸಂರಕ್ಷಣೆಗೆ 1984ರಿಂದ ಕೆಲಸ ಮಾಡುತ್ತಿರುವ ಇಂಟ್ಯಾಕ್ ಸಂಸ್ಥೆಗೆ ಬರೆಯಿರಿ. ಹೋಂಸ್ಟೇ ಮಾಡಿ ಖರ್ಚು ಹುಟ್ಟಿಸುವವರೂ ಇದ್ದಾರೆ. ನನಗೇನೂ ವಿರೋಧ ಇಲ್ಲ, ಬೆಂಕಿ ಉರಿಯುತ್ತೆ, ಕಿಟಕಿ ತೆಗೆದಿರುತ್ತೆ. ಕೋಣೆಕೋಣೆಗೂ ಗೋಡೆ ಒಡೆದು ಬಾತ್‌ರೂಮ್ ಸೇರಿಸುವುದಕ್ಕೆ ಮಾತ್ರ ಹೋಗಬೇಡಿ.

ಭದ್ರಾವತಿಯಿಂದ, ಶಿಕ್ಷಕಿ: ಏಳನೇ ತರಗತಿ ಮಕ್ಕಳಿಗೆ ಹಳೇ ಕಾಲದ ಮನೆ ಬದುಕು ತೋರಿಸಬೇಕು. ಎಲ್ಲಿಗೆ ಕರೆದುಕೊಂಡು ಹೋಗಲಿ?

ಮೊದಲು ತೀರ್ಥಹಳ್ಳಿ ಹತ್ತಿರದ ಕುಪ್ಪಳಿ. ಕುವೆಂಪು ಬೆಳೆದ ಮನೆ, ಈಗ ಕವಿಮನೆ ಅಂತ ವಸ್ತುಸಂಗ್ರಹಾಲಯ. 1992ರಲ್ಲಿ ಶುರುವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ. ದೊಡ್ಡ ಮಹಡಿ ಮನೆ, ಅಂಗಳ, ಅಡುಗೆ ಪಾತ್ರೆ, ಬೇಸಾಯದ ಸಾಮಾನು ಎಲ್ಲ ಇವೆ. ಮಕ್ಕಳಿಗೆ ಫಲಕ ಓದಿಸಿಕೊಂಡು ಓಡಬೇಡಿ. ಒಬ್ಬೊಬ್ಬರಿಗೆ ಒಂದೊಂದು ವಸ್ತು ಹಂಚಿ, ಇದನ್ನು ದಿನಾ ಹಿಡಿಯುತ್ತಿದ್ದವರು ಯಾರು, ಎಷ್ಟು ಭಾರ, ಈಗ ನಿಮ್ಮ ಮನೆಯಲ್ಲಿ ಇದರ ಬದಲು ಏನಿದೆ ಅಂತ ಬರೆಯಲು ಹೇಳಿ. ಶಿವಮೊಗ್ಗ ಕೋಟೆ ರಸ್ತೆಯ ಶಿವಪ್ಪನಾಯಕ ಅರಮನೆ ನಿಮಗೆ ಹತ್ತಿರ, ಅಲ್ಲಿನ ಭಾರೀ ಮರದ ಕಂಬ ತೋರಿಸಿ. ಅದು ದರ್ಬಾರು ನಡೆದ ಜಾಗ, ಕುಪ್ಪಳಿ ಸಂಸಾರ ನಡೆದ ಮನೆ, ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ವ್ಯತ್ಯಾಸ ಮಕ್ಕಳಿಗೇ ಗೊತ್ತಾಗುತ್ತೆ. ಕವಲೇದುರ್ಗದ ಒಲೆಯನ್ನೂ ತೋರಿಸಿ, ಆದರೆ ಮಳೆಗಾಲದಲ್ಲಿ ಬೇಡ, ಹತ್ತುವ ದಾರಿಯ ಕಲ್ಲು ಪಾಚಿ ಹಿಡಿದು ಜಾರುತ್ತೆ. ಡಿಸೆಂಬರ್ ಅಥವಾ ಜನವರಿಯಲ್ಲಿ ಬೆಳಿಗ್ಗೆಯೇ ಹೊರಡಿ, ಕುಡಿಯುವ ನೀರು ಕೆಳಗಿನಿಂದಲೇ ಹೊತ್ತುಕೊಂಡು ಹೋಗಿ.